ಹಾಲಕ್ಕಿ ನುಡಿಯುವುದು ಯಾರ ಭವಿಷ್ಯವನ್ನು? ಹಕ್ಕಿ, ಹಾಡು, ಮಾತುಗಳಲ್ಲಿ ದನಿ ಅದುರುವುದರ ಹಿಂದಿನ ವಿಷಯ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಬುಡುಬುಡಿಕೆಯವರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ಬರುತ್ತಾರೆ. ತಲೆಗೆ ರುಮಾಲು, ಮೈಮೇಲೆ ಹಳೆಯ ಕೋಟು, ಕೈಯಲ್ಲಿ ಒಂದು ಪುಟ್ಟ ಡಮರು. ಅದನ್ನು ಗಿರ್ರನೆ ಆಡಿಸಿ, ಹಾಲಕ್ಕಿ ನುಡಿದಿದೆ, ಈ ಮನೆಗೆ ಇಂಥದ್ದು ಆಗುತ್ತದೆ ಎಂದು ಹೇಳುತ್ತಾರೆ. ಈಗ ಹಳ್ಳಿಗೆ ಬರುವ ಬುಡುಬುಡಿಕೆಯವರು ಕಡಿಮೆಯಾಗಿದ್ದಾರೆ. ಆದರೆ ಹಾಲಕ್ಕಿ ಮಾತ್ರ ನಮ್ಮ ನಿಮ್ಮ ಫೋನಿನೊಳಗೆ ಬಂದು ಕೂತಿದೆ. ರಾತ್ರಿ ಹೊತ್ತು ಇಂಥ ಹಕ್ಕಿ ಕೂಗಿದರೆ ಮನೆಗೆ ಕೇಡು, ಈ ದನಿ ಕೇಳಿಸಿದರೆ ಹತ್ತು ಜನರಿಗೆ ಕಳಿಸಿ ಎನ್ನುವ ಧಾಟಿಯ ಸಂದೇಶಗಳು ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತವೆ. ಅದರ ಜೊತೆಗೇ, ಮಗುವಿನ ನಾಲಿಗೆ ತಿರುಗದಿದ್ದರೆ ಬಜೆ ತೇದು ನೆಕ್ಕಿಸಿ, ಗಿಳಿ ಕಚ್ಚಿದ ಹಣ್ಣು ತಿನ್ನಿಸಿ ಎನ್ನುವ ಸಲಹೆಗಳೂ ಬರುತ್ತವೆ.

ಹಕ್ಕಿಗೂ ಮಗುವಿನ ನಾಲಿಗೆಗೂ ಏನು ಸಂಬಂಧ ಎನ್ನುತ್ತೀರಾ? ಎರಡರಲ್ಲೂ ಮುಖ್ಯವಾಗಿರುವುದು ಒಂದೇ ಬಗೆಯ ದನಿ. ಇಂಗ್ಲಿಷಿನಲ್ಲಿ ಅದನ್ನು ಟ್ರಿಲ್ ಎನ್ನುತ್ತಾರೆ. ನಾವು ಅದುರುವ ದನಿ ಎನ್ನಬಹುದು. ಒಂದೇ ಚಿಕ್ಕ ಸದ್ದು ಬಿಡುವಿಲ್ಲದೆ ಸರಸರನೆ ಮರುಕಳಿಸಿದರೆ ಅದು ಅದುರುವ ದನಿ. ಗಿರಗಿರ, ಬುಡುಬುಡು, ಗುಡುಗುಡು, ಚಿರಿಚಿರಿ ಎಂಬ ಪದಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಕನ್ನಡ ಆ ದನಿಯನ್ನು ಪದದಲ್ಲೇ ಹಿಡಿದಿಟ್ಟಿದೆ. ಬುಡುಬುಡಿಕೆ ಎಂಬ ಹೆಸರೂ ಹಾಗೆ ಹುಟ್ಟಿದ್ದೇ.

ಹಕ್ಕಿ, ಹಾಡು, ಮಾತು ಈ ಮೂರರಲ್ಲೂ ಅದುರುವ ದನಿಗೆ ಅರ್ಥ ಇದೆ. ಆದರೆ ಆ ಅರ್ಥ ಎಲ್ಲಿಂದ ಬರುತ್ತದೆ ಎನ್ನುವುದು ಒಂದೊಂದರಲ್ಲೂ ಬೇರೆ. ಇದು ಗೊತ್ತಾದರೆ ಯಾವ ಸಂದೇಶವನ್ನು ನಂಬಬೇಕು, ಯಾವುದನ್ನು ಅಳಿಸಬೇಕು ಎನ್ನುವುದೂ ತಾನಾಗಿ ಗೊತ್ತಾಗುತ್ತದೆ.

ನಾಲಿಗೆ ಅದುರುವುದು ಹೇಗೆ?

ಚಿಕ್ಕ ಮಕ್ಕಳು ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಆಟ ಆಡುವಾಗ ಡುರ್ರ್ರ್ ಎನ್ನುತ್ತಾರಲ್ಲ, ಅಲ್ಲಿಂದಲೇ ಶುರು ಮಾಡೋಣ. ನೀವೂ ಒಮ್ಮೆ ಮಾಡಿ. ಆ ಹೊತ್ತಿನಲ್ಲಿ ನಾಲಿಗೆಯ ತುದಿ ಹಲ್ಲಿನ ಹಿಂದಿನ ಒಸಡಿನ ದಿಣ್ಣೆಗೆ ಸೆಕೆಂಡಿಗೆ ಹೆಚ್ಚುಕಡಿಮೆ 25ರಿಂದ 30 ಸಲ ಬಡಿಯುತ್ತಿರುತ್ತದೆ. ಇಷ್ಟು ವೇಗವಾಗಿ ನಾಲಿಗೆಯನ್ನು ಬೇಕೆಂದು ಆಡಿಸಲು ನಮ್ಮಿಂದ ಆಗುವುದಿಲ್ಲ. ಅಂಥ ಆಜ್ಞೆಯನ್ನು ಮಿದುಳು ಕೊಡುವುದೂ ಇಲ್ಲ. ನಾವು ಮಾಡುವುದು ಇಷ್ಟೇ: ನಾಲಿಗೆಯ ತುದಿಯನ್ನು ಸಡಿಲವಾಗಿ ಮೇಲಕ್ಕೆ ಹಿಡಿದು ಗಾಳಿ ಬಿಡುತ್ತೇವೆ. ಗಾಳಿಯ ಒತ್ತಡ ತುದಿಯನ್ನು ತಳ್ಳಿ ತೆರೆಯುತ್ತದೆ, ಸಂದಿಯಲ್ಲಿ ಗಾಳಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿಯುತ್ತದೆ, ನಾಲಿಗೆ ತನ್ನ ಬಿಗಿಯಿಂದ ಮತ್ತೆ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆ, ಮತ್ತೆ ಮುಚ್ಚು. ಗಾಳಿಗೆ ಬಾವುಟ ಪಟಪಟ ಹೊಡೆದುಕೊಳ್ಳುವ ಹಾಗೆಯೇ ಇದೂ.

ಅದಕ್ಕೇ ಈ ದನಿ ಕಲಿಯುವುದು ಕಷ್ಟ. ನಾಲಿಗೆ ಬಿಗಿಯಾದರೆ ಅದುರುವುದಿಲ್ಲ, ತೀರಾ ಸಡಿಲವಾದರೆ ಬರೀ ಗಾಳಿ ಹೋಗುತ್ತದೆ. ಸರಿಯಾದ ಹದ ಸಿಗಲು ಮಕ್ಕಳಿಗೆ ವರ್ಷಗಳೇ ಹಿಡಿಯುತ್ತವೆ.

ಹಕ್ಕಿಗಳ ಏರ್ಪಾಟೇ ಬೇರೆ. ನಮ್ಮ ಧ್ವನಿಪೆಟ್ಟಿಗೆ ಗಂಟಲಿನಲ್ಲಿದೆ. ಹಕ್ಕಿಯದು ಎದೆಯೊಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿದೆ. ಅದರ ಹೆಸರು ಸಿರಿಂಕ್ಸ್. ಹಾಡುವ ಹಕ್ಕಿಗಳಲ್ಲಿ ಅದರ ಸ್ನಾಯುಗಳು ಬೆನ್ನೆಲುಬಿರುವ ಪ್ರಾಣಿಗಳ ಅತಿ ವೇಗದ ಸ್ನಾಯುಗಳ ಸಾಲಿಗೆ ಸೇರುತ್ತವೆ. ಸೆಕೆಂಡಿಗೆ 100ಕ್ಕೂ ಹೆಚ್ಚು ಸಲ ಬಿಗಿದು ಸಡಿಲವಾಗಬಲ್ಲವು. ಅಂದರೆ ನಮ್ಮ ನಾಲಿಗೆಯನ್ನು ಗಾಳಿ ಅದುರಿಸುತ್ತದೆ. ಹಕ್ಕಿಯಾದರೋ ಒಂದೊಂದು ಅದುರನ್ನೂ ಸ್ನಾಯುವಿನಿಂದಲೇ ನಡೆಸಬಲ್ಲದು.

ಹಾಗೆಂದು ಅದಕ್ಕೂ ಮಿತಿ ಇಲ್ಲದಿಲ್ಲ. ಅಮೆರಿಕದ ಜೆಫ್ರಿ ಪೊಡೋಸ್ ಎಂಬ ಜೀವವಿಜ್ಞಾನಿ 1990ರ ದಶಕದಲ್ಲಿ ಅಲ್ಲಿನ ಒಂದು ಬಗೆಯ ಗುಬ್ಬಚ್ಚಿಯ ಮರಿಗಳನ್ನು ಸಾಕಿ, ಅವುಗಳ ಜಾತಿಯದೇ ಹಾಡನ್ನು ಬೇಕೆಂದೇ ವೇಗ ಹೆಚ್ಚಿಸಿ ಕೇಳಿಸಿದರು. ಮರಿಗಳು ಕಲಿಯಲು ಹೊರಟವು, ಆದರೆ ಆಗಲಿಲ್ಲ. ಕೆಲವು ನಡುವೆ ಸ್ವರ ಬಿಟ್ಟವು, ಕೆಲವು ಅರ್ಧದಲ್ಲಿ ನಿಲ್ಲಿಸಿ ಮತ್ತೆ ಹಿಡಿದವು. ಮೇಲಿನ ಕಾಲಕ್ಕೆ ಹೋದಾಗ ಹೊಸ ಸಂಗೀತ ವಿದ್ಯಾರ್ಥಿ ಮಾಡುವುದೂ ಇದನ್ನೇ! ವೇಗವಾಗಿಯೂ ಇರಬೇಕು, ದನಿ ಮೇಲಿಂದ ಕೆಳಕ್ಕೆ ದೊಡ್ಡ ಅಂತರವನ್ನೂ ದಾಟಬೇಕು ಎಂದರೆ ಕೊಕ್ಕು, ಗಂಟಲು, ಉಸಿರು ಮೂರೂ ಒಟ್ಟಿಗೆ ದುಡಿಯಬೇಕು. ಎಲ್ಲ ಗಂಡು ಹಕ್ಕಿಗೂ ಇದು ಸಾಧ್ಯವಿಲ್ಲ. ಆದ್ದರಿಂದಲೇ ಕೆಲವು ಜಾತಿಗಳಲ್ಲಿ, ಕ್ಯಾನರಿ ಇದಕ್ಕೆ ಹೆಸರುವಾಸಿ, ಹೆಣ್ಣು ಹಕ್ಕಿಗಳು ಕಷ್ಟದ ಅದುರುದನಿಗೆ ಹೆಚ್ಚು ಒಲಿಯುತ್ತವೆ. ಇಲ್ಲಿ ದನಿಯ ಅರ್ಥ ಅದರ ಕಷ್ಟದಲ್ಲೇ ಇದೆ. ಸುಳ್ಳು ಹೇಳಲು ಆಗದ ಜಾಹೀರಾತು ಎನ್ನಿ ಬೇಕಾದರೆ.

ಹಾಗಾದರೆ ಹಾಲಕ್ಕಿ?

ಹಾಲಕ್ಕಿ ಎಂದು ಪಕ್ಷಿವೀಕ್ಷಕರು ಸಾಮಾನ್ಯವಾಗಿ ಕರೆಯುವುದು ಬಿಳಿ ಚುಕ್ಕೆಗಳಿರುವ ಒಂದು ಸಣ್ಣ ಗೂಬೆಯನ್ನು. ಇಂಗ್ಲಿಷಿನಲ್ಲಿ ಅದು ಸ್ಪಾಟೆಡ್ ಔಲೆಟ್. (ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರಿಗೂ ಈ ಲೇಖನಕ್ಕೂ ಸಂಬಂಧವಿಲ್ಲ.) ಒಂದು ಗೇಣಿಗಿಂತ ತುಸು ಕಡಿಮೆ ಉದ್ದದ ಹಕ್ಕಿ. ದುಂಡು ತಲೆ, ಹಳದಿ ಕಣ್ಣು. ಹತ್ತಿರ ಹೋದರೆ ತಲೆಯನ್ನು ಮೇಲೆ ಕೆಳಗೆ ಆಡಿಸಿ ನಮ್ಮನ್ನೇ ದುರುಗುಟ್ಟಿ ನೋಡುತ್ತದೆ. ಹಳೆಯ ಮಾವು, ಹುಣಸೆ, ಆಲದ ಪೊಟರೆಗಳು, ಪಾಳುಗೋಡೆಯ ತೂತುಗಳು ಇದರ ಮನೆ. ದಟ್ಟ ಕಾಡಿಗಿಂತ ಊರಿನ ಪಕ್ಕ, ತೋಟದ ಬದು ಇದಕ್ಕೆ ಹೆಚ್ಚು ಇಷ್ಟ. ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿ ಭತ್ತ ಇದೆ, ಕಬ್ಬು ಇದೆ, ಅದಕ್ಕೆ ಇಲಿ ಇವೆ, ಹುಳುಹುಪ್ಪಟೆ ಇವೆ. ಹಾಲಕ್ಕಿಗೆ ಇನ್ನೇನು ಬೇಕು?

ಅದರ ಕೂಗು ಒರಟು. ಚಿರುರ್ರ್ ಚಿರುರ್ರ್ ಎಂದು ಅದುರುತ್ತಾ ಏರಿ, ಕೊನೆಗೆ ಚೀವಕ್ ಚೀವಕ್ ಎನ್ನುವ ಕಿರುಚಾಟದಲ್ಲಿ ಮುಗಿಯುತ್ತದೆ. ಹಲವು ಸಲ ಒಂದು ಶುರು ಮಾಡಿದರೆ ಜೋಡಿ ಹಕ್ಕಿ ಅದರ ಮೇಲೆಯೇ ದನಿ ಸೇರಿಸುತ್ತದೆ. ಕತ್ತಲಲ್ಲಿ ಮೊದಲ ಸಲ ಕೇಳಿದವರಿಗೆ ಯಾರೋ ಜಗಳ ಆಡುತ್ತಿದ್ದಾರೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಒಂದು ಮಟ್ಟಿಗೆ ಅದು ಜಗಳವೇ. ಈ ಮರ ನಮ್ಮದು, ನಾವಿಬ್ಬರೂ ಇಲ್ಲೇ ಇದ್ದೇವೆ, ಬೇರೆಯವರು ದೂರ ಇರಿ ಎಂದು ಪಕ್ಕದ ಮರದ ಹಾಲಕ್ಕಿಗೆ ಹೇಳುವ ಮಾತು ಅದು. ಗೂಡು ಮಾಡುವ ತಿಂಗಳುಗಳಲ್ಲಿ ಇದು ಇನ್ನೂ ಜೋರಾಗುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಕ್ಯಾನರಿಯಂಥ ಹಾಡುಹಕ್ಕಿಗಳು ಕೇಳಿ ಕಲಿಯುತ್ತವೆ. ಗೂಬೆಗಳು ಹಾಗಲ್ಲ. ಅವುಗಳ ಕೂಗು ಹುಟ್ಟಿನಿಂದಲೇ ಬರುತ್ತದೆ. ಮಳವಳ್ಳಿಯ ಹಾಲಕ್ಕಿ, ವಿಜಯಪುರದ ಹಾಲಕ್ಕಿ, ದೆಹಲಿಯ ಹಾಲಕ್ಕಿ ಇವುಗಳ ಕೂಗೆಲ್ಲ ಹೆಚ್ಚುಕಡಿಮೆ ಒಂದೇ. ನಿಮ್ಮ ಮನೆಯ ಮದುವೆ, ಸಾಲ, ಕಾಯಿಲೆಯ ಸುದ್ದಿಯನ್ನು ಅದರೊಳಗೆ ತುಂಬಿಸಲು ಆ ಕೂಗಿನಲ್ಲಿ ಜಾಗವೇ ಇಲ್ಲ.

ಮತ್ತೆ ಹೇಳಿದ್ದು ಎಷ್ಟೋ ಸಲ ನಿಜವಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಹಾಲಕ್ಕಿ ಊರಿನ ಪಕ್ಕದಲ್ಲೇ ಇರುವ ಹಕ್ಕಿ. ಮುಸ್ಸಂಜೆ, ಬೆಳಗಿನ ಜಾವ ಹೆಚ್ಚುಕಡಿಮೆ ದಿನವೂ ಕೂಗುತ್ತದೆ. ವರ್ಷಕ್ಕೆ ನೂರಾರು ಸಲ ಕೂಗುವ ಹಕ್ಕಿ, ಊರಿನಲ್ಲಿ ಒಂದು ಸಾವು ಸಂಭವಿಸಿದ ರಾತ್ರಿಯೂ ಕೂಗಿಯೇ ಇರುತ್ತದೆ. ಏನೂ ಆಗದ ರಾತ್ರಿಗಳ ಕೂಗನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಹಿಂದಿನ ಕಾಲದಲ್ಲಿ ಕಾಯಿಲೆಯವರಿದ್ದ ಮನೆಯಲ್ಲಿ ಮಾತ್ರ ರಾತ್ರಿಯಿಡೀ ದೀಪ ಉರಿಯುತ್ತಿತ್ತು. ದೀಪಕ್ಕೆ ಹುಳು ಬಂದವು, ಹುಳು ತಿನ್ನಲು ಗೂಬೆ ಬಂತು ಎಂದು ವಿವರಿಸುವವರೂ ಇದ್ದಾರೆ. ನಮಗೆ ಇದು ಒಪ್ಪುವಂತೆ ಕಾಣುತ್ತದೆ.

ಬುಡುಬುಡಿಕೆಯವರ ಬಗ್ಗೆ ಒಂದು ಮಾತು. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವರು ಹೊತ್ತು ತರುತ್ತಿದ್ದುದು ಬಹುಮಟ್ಟಿಗೆ ಒಳ್ಳೆಯ ಮಾತನ್ನೇ. ಪ್ರತಿಯಾಗಿ ಪಡೆಯುತ್ತಿದ್ದುದು ಒಂದು ಮೊರ ರಾಗಿ, ಒಂದು ಹಳೆಯ ಬಟ್ಟೆ. ಅವರಿಂದ ಹಾಲಕ್ಕಿಗೆ ಗೌರವವೂ ಸಿಕ್ಕಿತ್ತು. ಗೂಬೆ ಕಂಡರೆ ಕಲ್ಲು ಎಸೆಯುವವರೂ ಹಾಲಕ್ಕಿಯ ಮಾತು ಕೇಳಲು ಬಾಗಿಲು ತೆರೆಯುತ್ತಿದ್ದರು. ಕೇಡು ಮಾಡುತ್ತಿರುವುದು ಈಗಿನ ಫಾರ್ವರ್ಡುಗಳು. ಗೂಬೆಯ ಉಗುರು, ಪುಕ್ಕ, ತಲೆಬುರುಡೆಯಿಂದ ನಿಧಿ ಸಿಗುತ್ತದೆ, ವಶೀಕರಣ ಆಗುತ್ತದೆ ಎಂಬ ನಂಬಿಕೆಯಿಂದ ದೇಶದಲ್ಲಿ ಗೂಬೆಗಳನ್ನು ಹಿಡಿದು ಮಾರುತ್ತಾರೆ ಎಂಬುದನ್ನು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆಯ ಭಾರತ ಶಾಖೆ 2010ರ ವರದಿಯಲ್ಲಿ ದಾಖಲಿಸಿದೆ. ದೀಪಾವಳಿಯ ಹೊತ್ತಿಗೆ ಇದು ಹೆಚ್ಚಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಬೆ ಹಿಡಿಯುವುದು, ಕೊಲ್ಲುವುದು, ಮಾರುವುದು ಅಪರಾಧ. ಗಾಯಗೊಂಡ ಗೂಬೆ ಕಂಡರೆ, ಯಾರಾದರೂ ಮಾರುತ್ತಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಡಮರುವಿನಿಂದ ತೋಡಿಯವರೆಗೆ

ಬುಡುಬುಡಿಕೆಯ ಸದ್ದು ನಮ್ಮ ಸಂಗೀತಶಾಸ್ತ್ರದೊಳಗೂ ಇದೆ ಎಂದರೆ ನಂಬುತ್ತೀರಾ? 13ನೇ ಶತಮಾನದಲ್ಲಿ ಶಾರ್ಙ್ಗದೇವ ಬರೆದ ಸಂಗೀತ ರತ್ನಾಕರ 15 ಬಗೆಯ ಗಮಕಗಳನ್ನು ಹೇಳುತ್ತದೆ. ಅದರಲ್ಲಿ ಮೊದಲನೆಯದು ತಿರಿಪ. ಅದನ್ನು ವಿವರಿಸಲು ಶಾರ್ಙ್ಗದೇವ ಕೊಡುವ ಹೋಲಿಕೆ ಒಂದು ಬಲು ಚಿಕ್ಕ ಡಮರುವಿನ ಸದ್ದಿನ ಅದುರು! ಅಷ್ಟೇ ಅಲ್ಲ, ಯಾವ ಗಮಕ ಎಷ್ಟು ಬೇಗ ಅದುರಬೇಕು ಎಂದು ಕಾಲದ ಅಳತೆಯನ್ನೂ ಕೊಟ್ಟಿದ್ದಾನೆ. ತಿರಿಪಕ್ಕೆ ದ್ರುತದ ಕಾಲು ಭಾಗ, ಸ್ಫುರಿತಕ್ಕೆ ಮೂರನೇ ಒಂದು, ಕಂಪಿತಕ್ಕೆ ಅರ್ಧ, ಹೀಗೆ ನಿಧಾನವಾಗುತ್ತಾ ಹೋಗುತ್ತದೆ. ಸೆಕೆಂಡು ತೋರಿಸುವ ಗಡಿಯಾರ ಇಲ್ಲದ ಕಾಲದಲ್ಲಿ ಅದುರಿನ ವೇಗವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಳೆದದ್ದು ಸಣ್ಣ ಕೆಲಸವಲ್ಲ.

ಕನ್ನಡದಲ್ಲಿ ಗಮಕ ಎಂದರೆ ಕಾವ್ಯವಾಚನ ಎಂಬ ಅರ್ಥವೂ ಇದೆ. ನಾವು ಇಲ್ಲಿ ಹೇಳುತ್ತಿರುವುದು ಸ್ವರವನ್ನು ತೂಗುವ, ಅದುರಿಸುವ ಗಮಕ.

ಹಾಡಿನಲ್ಲಿ ಇದು ಬರೀ ಅಲಂಕಾರ, ಬಿಟ್ಟರೂ ನಡೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಕರ್ನಾಟಕ ಸಂಗೀತದಲ್ಲಿ ಅದು ಸರಿಯಲ್ಲ. ತೋಡಿ ರಾಗವನ್ನೇ ತೆಗೆದುಕೊಳ್ಳಿ. ಅದರ ಗಾಂಧಾರವನ್ನು ತೂಗಿ ಹಾಡಬೇಕು. ತೂಗದೆ, ಅದೇ ಏಳು ಸ್ವರಗಳನ್ನು ಹಾರ್ಮೋನಿಯಂನಲ್ಲಿ ಒತ್ತಿದ ಹಾಗೆ ನೇರವಾಗಿ ಹಾಡಿದರೆ ಹಿಂದೂಸ್ತಾನಿಯ ಭೈರವಿಯ ನೆರಳು ಬರುತ್ತದೆ. ಯಾಕೆಂದರೆ ಎರಡರ ಸ್ವರಸ್ಥಾನಗಳು ಒಂದೇ. ರಾಗದ ಗುರುತು ಸ್ವರದಲ್ಲಿ ಎಷ್ಟಿದೆಯೋ ಅದುರಿನಲ್ಲಿಯೂ ಅಷ್ಟೇ ಇದೆ. ಪಾಶ್ಚಾತ್ಯ ಸಂಗೀತದಲ್ಲಿ ಇದರ ಕೆಲಸವೇ ಬೇರೆ. ಅಲ್ಲಿ ಪಕ್ಕಪಕ್ಕದ ಎರಡು ಸ್ವರಗಳನ್ನು ಬದಲಿಸಿ ಬದಲಿಸಿ ಬೇಗ ನುಡಿಸುವುದು ಟ್ರಿಲ್. 18ನೇ ಶತಮಾನದ ಕಚೇರಿಗಳಲ್ಲಿ ಒಬ್ಬನೇ ಮನೋಧರ್ಮದಿಂದ ನುಡಿಸುತ್ತಿದ್ದ ವಾದ್ಯಗಾರ ಕೊನೆಗೆ ಉದ್ದನೆಯ ಟ್ರಿಲ್ ಹಿಡಿದರೆ, ಮೇಳದವರಿಗೆ ಅದು ಸಂಜ್ಞೆ: ನನ್ನದು ಮುಗಿಯಿತು, ಇನ್ನು ನೀವು ಸೇರಿಕೊಳ್ಳಿ. ನಮ್ಮಲ್ಲಿ ತನಿ ಆವರ್ತನದ ಕೊನೆಯ ತೀರ್ಮಾನ, ಮುಕ್ತಾಯ ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮುಖ್ಯ ನೆಲೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಕೈಯಲ್ಲಿ ತಂಬೂರಿಯ ಜೊತೆ ಗಗ್ಗರ ಇರುತ್ತದೆ. ಲೋಹದ ಟೊಳ್ಳು ಬಳೆ, ಒಳಗೆ ಸಣ್ಣ ಗುಂಡುಗಳು. ಅಲುಗಿಸಿದರೆ ಜರಜರ ಎನ್ನುತ್ತದೆ. ಗಗ್ಗರ ಎಂಬ ಪದವನ್ನೇ ಬಾಯಲ್ಲಿ ಹೇಳಿ, ವಾದ್ಯ ನುಡಿದ ಹಾಗೇ ಕೇಳಿಸುತ್ತದೆ. ತಮಿಳುನಾಡಿನ ಹೆಂಗಸರು ಹಬ್ಬ, ಜಾತ್ರೆಗಳಲ್ಲಿ ನಾಲಿಗೆ ಅದುರಿಸಿ ಕುಲವೈ ಹಾಕುತ್ತಾರೆ. ಬಂಗಾಳದಲ್ಲಿ ಮದುವೆಗೆ ಉಲು ಹಾಕುತ್ತಾರೆ. ಗೊತ್ತಿಲ್ಲದವರಿಗೆ ಕಿರುಚಾಟ, ಗೊತ್ತಿದ್ದವರಿಗೆ ಮಂಗಳಧ್ವನಿ. ಮನುಷ್ಯರ ದನಿಯ ಅರ್ಥ ಹಾಲಕ್ಕಿಯ ಹಾಗೆ ಹುಟ್ಟಿನಿಂದ ಬರುವುದಿಲ್ಲ, ಜೊತೆಗಿರುವವರು ಒಪ್ಪಿಕೊಂಡಿದ್ದರಿಂದ ಬರುತ್ತದೆ.

ಕಳೆದುಹೋದ ಒಂದು ರ

ಭಾಷಾವಿಜ್ಞಾನದ ಕನ್ನಡ ಪುಸ್ತಕಗಳಲ್ಲಿ ನಾಲಿಗೆ ಅದುರುವ ವ್ಯಂಜನಕ್ಕೂ ಕಂಪಿತ ಎಂದೇ ಹೆಸರು. ಸಂಗೀತದವರಿಗೂ ಅದೇ ಪದ, ಭಾಷೆಯವರಿಗೂ ಅದೇ ಪದ! ಆದರೆ ಇಂದಿನ ಕನ್ನಡದ ರ ಬಹುಪಾಲು ಕಂಪಿತ ಅಲ್ಲ. ಮರ, ಕರು, ಊರು ಎನ್ನುವಾಗ ನಾಲಿಗೆ ಒಂದೇ ಸಲ ತಟ್ಟಿ ಹಿಂದೆ ಬರುತ್ತದೆ. ಒತ್ತಿ ಹೇಳುವಾಗ, ಸಿಟ್ಟು ಬಂದಾಗ, ನಾಟಕದ ಸಂಭಾಷಣೆಯಲ್ಲಿ ಮಾತ್ರ ಎರಡು ಮೂರು ಸಲ ತಟ್ಟುತ್ತದೆ.

ಹಳಗನ್ನಡದಲ್ಲಿ ಎರಡು ರ ಇದ್ದವು. ಒಂದು ಈಗಿನ ರ, ಇನ್ನೊಂದು ಱ. ಇದಕ್ಕೆ ಶಕಟರೇಫ ಎಂದು ಹೆಸರು. ಶಕಟ ಎಂದರೆ ಬಂಡಿ. ತೆಲುಗಿನವರೂ ತಮ್ಮ ಈ ಅಕ್ಷರವನ್ನು ಬಂಡಿ ರ ಎಂದೇ ಕರೆಯುತ್ತಾರೆ. ಅದು ಗಡುಸಾದ, ನಾಲಿಗೆ ಅದುರುವ ರ ಆಗಿತ್ತು ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಮಲಯಾಳದಲ್ಲಿ ಈ ವ್ಯತ್ಯಾಸ ಇಂದಿಗೂ ಜೀವಂತ. ಅಲ್ಲಿ ಕರ ಎಂದರೆ ದಡ, ಕಱ ಎಂದರೆ ಕಲೆ. ಕಾಸರಗೋಡಿನ ಕನ್ನಡಿಗರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ನೀಲಗಿರಿಯ ತೋಡರ ಭಾಷೆಯಂತೂ ಅದುರುವ ರ-ಗಳನ್ನು ನಾಲಿಗೆಯ ಜಾಗಕ್ಕೆ ತಕ್ಕಂತೆ ಮೂರು ಬಗೆಯಾಗಿ ಬೇರೆ ಮಾಡುತ್ತದೆ. ಪ್ರಪಂಚದಲ್ಲಿ ಇದು ತೀರಾ ಅಪರೂಪ ಎಂದು ಧ್ವನಿವಿಜ್ಞಾನಿಗಳು 1996ರಲ್ಲಿ ಅದರ ಬಗ್ಗೆಯೇ ಒಂದು ಪ್ರಬಂಧ ಬರೆದರು.

ಹಳಗನ್ನಡದಲ್ಲಿ ಕರೆ ಎಂದರೆ ಕೂಗು, ಕಱೆ ಎಂದರೆ ಹಾಲು ಹಿಂಡು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಈಗ ಎರಡೂ ಒಂದೇ ಆಗಿವೆ. ಹಸು ಕರಿ ಎಂದರೆ ಹಸುವನ್ನು ಕೂಗಬೇಕೋ, ಚೊಂಬು ಹಿಡಿದು ಹೋಗಬೇಕೋ ಎನ್ನುವುದು ಸಂದರ್ಭದಿಂದಲೇ ಗೊತ್ತಾಗಬೇಕು. ಹಾಲಿನ ಡೇರಿಗೆ ಹೊತ್ತಾಗಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ ಬಿಡಿ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಈ ಅಕ್ಷರದ ಬಗ್ಗೆ ವಿವರವಾಗಿ ಬರೆದಿದ್ದಾನೆ. ಮುಂದೆ ನಡುಗನ್ನಡದ ಕಾಲದಲ್ಲಿ ಅದು ಬಳಕೆ ತಪ್ಪಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಾಡಿ ಸತ್ತ ಕಥೆ ಹೇಳುವ ಪ್ರಸಿದ್ಧ ಶಾಸನ ಇದೆಯಲ್ಲ, ಸುಮಾರು ಕ್ರಿ.ಶ. 950ರದ್ದು, ಅದರ ಕಾಲದ ಕನ್ನಡಿಗರ ಬಾಯಲ್ಲಿ ಎರಡು ರ-ಗಳೂ ಇದ್ದವು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಮಂಡ್ಯದವರಿಗೆ ಇದು ನೋವಿನ ವಿಷಯ. ಬರ್ತೀನಿ ಎನ್ನುವ ಬದಲು ಬತ್ತೀನಿ, ಇರ್ತೀನಿ ಎನ್ನುವ ಬದಲು ಇತ್ತೀನಿ ಎನ್ನುವುದು ಈ ಕಡೆಯ ಮಾತು. ಬೆಂಗಳೂರಿನ ಕಾಲೇಜಿಗೆ ಸೇರಿದ ಹುಡುಗ ಬಾಯಿ ಬಿಟ್ಟರೆ ಸಾಕು, ನಗೆಪಾಟಲು. ರ ಬರುವುದಿಲ್ಲ, ನಾಲಿಗೆ ದಪ್ಪ, ಅಶುದ್ಧ ಕನ್ನಡ ಎಂಬ ಮಾತು, ಮೀಮು, ರೀಲ್ಸು. ಆದರೆ ಶುದ್ಧ ಎಂದು ಎಲ್ಲರೂ ಬರೆಯುವ ಕನ್ನಡವನ್ನೇ ನೋಡಿ. ಎಮ್ಮೆ ಎನ್ನುತ್ತೇವೆ, ಹಳಗನ್ನಡದಲ್ಲಿ ಅದು ಎರ್ಮೆ. ಕಪ್ಪು ಎನ್ನುತ್ತೇವೆ, ಅದು ಕರ್ಪು. ಎದೆ ಎನ್ನುತ್ತೇವೆ, ಅದು ಎರ್ದೆ. ಇನ್ನೊಂದು ವ್ಯಂಜನದ ಮುಂದೆ ಬಂದ ರ್ ಬಿದ್ದುಹೋಗುವುದು ಕನ್ನಡದ ಸಾವಿರ ವರ್ಷದ ನಡೆ. ಎರ್ಮೆಯನ್ನು ಎಮ್ಮೆ ಮಾಡಿಕೊಂಡವರು, ಬರ್ತೀನಿಯನ್ನು ಬತ್ತೀನಿ ಮಾಡಿದವರನ್ನು ನೋಡಿ ನಗುವುದು ತಮಾಷೆಯೇ ಸರಿ. ಅದೇ ಬತ್ತೀನಿ ಎನ್ನುವ ಬಾಯಿ ರಾಗಿ, ರೊಟ್ಟಿ, ಮದ್ದೂರು ಎಂದು ಸರಾಗವಾಗಿ ಹೇಳುತ್ತದೆ. ನಾಲಿಗೆಯಲ್ಲಿ ದೋಷವಿಲ್ಲ. ಇದು ಆ ನುಡಿಯ ನಿಯಮ.

ಮಗು ರಾಮನನ್ನು ಲಾಮ ಎಂದರೆ

ಇದು ಈ ಲೇಖನದ ಮುಖ್ಯ ಭಾಗ, ದಯವಿಟ್ಟು ಬಿಡದೆ ಓದಿ.

ಮಕ್ಕಳ ಬಾಯಲ್ಲಿ ಪ, ಬ, ಮ ಮೊದಲು ಬರುತ್ತವೆ. ರ ಕೊನೆಯಲ್ಲಿ ಬರುವ ದನಿಗಳಲ್ಲಿ ಒಂದು. ಯಾಕೆ ಎಂದು ಮೇಲೆಯೇ ಹೇಳಿದ್ದೇವೆ: ನಾಲಿಗೆಯ ಬಿಗಿ ಮತ್ತು ಗಾಳಿಯ ಹದ ಕೂಡಿಬರಬೇಕು. ಮೂರು ವರ್ಷದ ಮಗು ಲಾಮ, ಯಾಮ ಎಂದರೆ ಅದು ಕಾಯಿಲೆ ಅಲ್ಲ. ಬಹುಪಾಲು ಮಕ್ಕಳಲ್ಲಿ ನಾಲ್ಕರಿಂದ ಆರು ವರ್ಷದೊಳಗೆ ಸರಿಹೋಗುತ್ತದೆ. ಆಟದಲ್ಲಿ ಡುರ್ರ್ ಎಂದು ಬಸ್ಸು ಓಡಿಸುವ ಮಗುವಿನ ನಾಲಿಗೆ ಚೆನ್ನಾಗಿಯೇ ಇದೆ ಎನ್ನಲು ಅದೊಂದು ಒಳ್ಳೆಯ ಸುಳಿವು.

ಆದರೆ ಈ ಕಾಯುವ ಹೊತ್ತಿನಲ್ಲೇ ಅಜ್ಜಿ ಮದ್ದುಗಳು, ಫಾರ್ವರ್ಡುಗಳು ನುಗ್ಗುವುದು. ಬಜೆಯನ್ನು ತೇದು ಹಸುಗೂಸಿನ ನಾಲಿಗೆಗೆ ಹಚ್ಚಿದರೆ ಮಾತು ಸ್ಪಷ್ಟವಾಗುತ್ತದೆ ಎನ್ನುವುದು ನಮ್ಮ ಕಡೆ ಹಳೆಯ ರೂಢಿ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ರಾಸಾಯನಿಕ ಇದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಅದು ಕರುಳಿನ ಗೆಡ್ಡೆಗಳಿಗೆ ಕಾರಣವಾಯಿತು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಕೂಸಿಗೆ ಎದುರಾಗುವ ಅಪಾಯ ಇನ್ನೂ ಹತ್ತಿರದ್ದು. ನಿಲ್ಲದ ವಾಂತಿ ಬರಬಹುದು. ತೇದ ಕಲ್ಲು, ಬೆರಳು, ನೀರಿನ ಕೊಳೆಯೂ ಹೊಟ್ಟೆಗೆ ಹೋಗುತ್ತದೆ. ಮೊದಲ ಆರು ತಿಂಗಳು ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ಮನಲ್ಲ. ಮಾತಿಗೂ ಬಜೆಗೂ ಸಂಬಂಧ ಇಲ್ಲವೇ ಇಲ್ಲ.

ಗಿಳಿ ಕಚ್ಚಿದ ಹಣ್ಣಿನ ಕಥೆಯೂ ಇದೇ. ಗಿಳಿ ಮಾತಾಡುತ್ತದೆ, ಅದರ ಎಂಜಲು ತಿಂದರೆ ಮಗುವೂ ಮಾತಾಡುತ್ತದೆ ಎಂಬ ಲೆಕ್ಕ. ಗಿಳಿ ನಮ್ಮ ಮಾತನ್ನು ಅನುಕರಿಸುವುದು ಅದರ ಮಿದುಳು ಮತ್ತು ಸಿರಿಂಕ್ಸ್‌ನಿಂದ, ಎಂಜಲಿನಿಂದಲ್ಲ. ಮೇಲಾಗಿ ಮರದ ಕೆಳಗೆ ಬಿದ್ದ ಹಣ್ಣನ್ನು ಕಚ್ಚಿದ್ದು ಗಿಳಿಯೋ ಬಾವಲಿಯೋ ಎಂದು ಹೇಳುವವರು ಯಾರು? 2018ರಲ್ಲಿ ಪಕ್ಕದ ಕೇರಳದಲ್ಲಿ ನಿಫಾ ಕಾಣಿಸಿಕೊಂಡ ಮೇಲೆ, ಹಕ್ಕಿ ಅಥವಾ ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ ಎಂದು ವೈದ್ಯರು ಮತ್ತೆ ಮತ್ತೆ ಹೇಳುತ್ತಿದ್ದಾರೆ.

ನಾಲಿಗೆಯ ಕೆಳಗಿನ ಪೊರೆ ಕತ್ತರಿಸಿದರೆ ರ ಬರುತ್ತದ� ಎನ್ನುವುದು ಇನ್ನೊಂದು. ಕೆಲವು ಮಕ್ಕಳಿಗೆ ಆ ಪೊರೆ ನಿಜಕ್ಕೂ ಬಿಗಿಯಾಗಿರುತ್ತದೆ, ಹಾಲು ಕುಡಿಯಲು ತೊಂದರೆ ಆಗುತ್ತದೆ. ಅಂಥವರಿಗೆ ವೈದ್ಯರು ಶಸ್ತ್ರಚಿಕಿತ್ಸೆ ಹೇಳಬಹುದು. ಆದರೆ ಕತ್ತರಿಸಿದ್ದರಿಂದಲೇ ಮಾತು ಸುಧಾರಿಸುತ್ತದೆ ಎನ್ನಲು ಸಿಕ್ಕಿರುವ ಸಾಕ್ಷ್ಯ ಕಡಿಮೆ. ಮೊದಲು ವಾಕ್ ತಜ್ಞರು ನೋಡಲಿ. ಇದರ ಜೊತೆಗೇ ತಿರುಗುವ ಇನ್ನೊಂದು ಸಂದೇಶ, ನಾಲಿಗೆಯನ್ನು ಕೊಳವೆಯಂತೆ ಮಡಚಲು ಬಂದರೆ ಅದು ಒಂದೇ ಜೀನಿನ ಕೆಲಸ ಎನ್ನುವುದು. 1940ರಲ್ಲಿ ಆಲ್ಫ್ರೆಡ್ ಸ್ಟರ್ಟೆವೆಂಟ್ ಎಂಬ ದೊಡ್ಡ ತಳಿವಿಜ್ಞಾನಿಯೇ ಹಾಗೆ ಬರೆದಿದ್ದ. 1952ರಲ್ಲಿ ಒಂದೇ ಅಂಡದಿಂದ ಹುಟ್ಟಿದ 33 ಜೋಡಿ ಅವಳಿಗಳನ್ನು ಪರೀಕ್ಷಿಸಿದಾಗ 7 ಜೋಡಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರಲಿಲ್ಲ. ಆ ಲೆಕ್ಕ ಅಲ್ಲಿಗೆ ಬಿತ್ತು. ನಾಲಿಗೆ ಮಡಚುವುದಕ್ಕೂ ರ ಅದುರಿಸುವುದಕ್ಕೂ ಸಂಬಂಧವೂ ಇಲ್ಲ.

ನಿಜವಾಗಿ ಕಾಯಬಾರದ ಲಕ್ಷಣಗಳು ಬೇರೆ ಇವೆ. ಒಂದೂವರೆ ವರ್ಷವಾದರೂ ಒಂದು ಪದವೂ ಇಲ್ಲ, ಎರಡು ವರ್ಷವಾದರೂ ಎರಡು ಪದ ಜೋಡಿಸುತ್ತಿಲ್ಲ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಬಂದಿದ್ದ ಮಾತು ನಿಂತುಹೋಯಿತು, ಇವುಗಳಲ್ಲಿ ಯಾವುದಿದ್ದರೂ ಮೊದಲು ಮಾಡಿಸಬೇಕಾದ್ದು ಕಿವಿಯ ಪರೀಕ್ಷೆ. ಮಾತು ಬಾರದಿರುವುದಕ್ಕೆ ನಾಲಿಗೆಗಿಂತ ಕಿವಿ ಕಾರಣವಾಗುವುದೇ ಹೆಚ್ಚು. ಕೇಳಿಸದ ಮಗು ಏನನ್ನು ಅನುಕರಿಸಬೇಕು? ಬಜೆ ತೇಯುತ್ತಾ ಕಳೆದ ಎರಡು ವರ್ಷ ಮತ್ತೆ ಸಿಗುವುದಿಲ್ಲ, ಮಿದುಳು ಮಾತನ್ನು ಸುಲಭವಾಗಿ ಕಲಿಯುವ ವಯಸ್ಸು ಅದೇ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ಆರ್‌ಬಿಎಸ್‌ಕೆ ತಂಡ ಕಿವಿ ಮತ್ತು ಮಾತಿನ ತೊಂದರೆಯನ್ನೂ ನೋಡುತ್ತದೆ, ಅವರ ಹತ್ತಿರ ಹೇಳಿ. ಮಂಡ್ಯದಿಂದ ಸುಮಾರು 45 ಕಿಲೋಮೀಟರ್ ದೂರದ ಮೈಸೂರಿನಲ್ಲಿ, ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದಲೂ ಇದೇ ಕೆಲಸ ಮಾಡುತ್ತಿರುವ ರಾಷ್ಟ್ರಮಟ್ಟದ ಸಂಸ್ಥೆ ನಮ್ಮ ಮಗ್ಗುಲಲ್ಲೇ ಇರುವಾಗ ಗಿಳಿಯ ಎಂಜಲು ಹುಡುಕುವುದು ಯಾಕೆ?

ಫೋನಿನಲ್ಲಿ ಹಕ್ಕಿ ಕೂಗಿಸುವ ಮುನ್ನ

ಈಗ ಮರ್ಲಿನ್‌ನಂಥ ಆ್ಯಪ್‌ಗಳು ಹಕ್ಕಿಯ ದನಿಯನ್ನು ಚಿತ್ರವಾಗಿ ಬಿಡಿಸಿ, ಅದುರಿನ ವೇಗ, ಏರಿಳಿತ ನೋಡಿ ಹೆಸರು ಹೇಳುತ್ತವೆ. ಕೆರೆಯ ಗುಳುಮುಳುಕ ಹಕ್ಕಿಯ ಕುದುರೆ ಕೆನೆದಂಥ ಅದುರು, ಗದ್ದೆಯ ಮಿಂಚುಳ್ಳಿಯ ಇಳಿಯುತ್ತಾ ಹೋಗುವ ಅದುರು, ತಂತಿಯ ಮೇಲೆ ಕೂತ ಕಳ್ಳಿಪೀರದ ಟ್ರೀ ಟ್ರೀ, ಎಲ್ಲವನ್ನೂ ಹೀಗೆ ಗುರುತಿಸಬಹುದು. ಕೇಳಲು ಬಳಸಿ, ಬಹಳ ಒಳ್ಳೆಯದು. ಆದರೆ ರೀಲ್ಸಿಗಾಗಿ ದನಿಯನ್ನು ಜೋರಾಗಿ ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವುದು ಬೇಡ. ಹಕ್ಕಿಗೆ ಅದು ತನ್ನ ಜಾಗಕ್ಕೆ ಇನ್ನೊಬ್ಬ ನುಗ್ಗಿದ ಸುದ್ದಿ. ಗೂಡು, ಮರಿ ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತಾ ಅಲೆಯುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದವರು ಆ್ಯಪ್ ತೆರೆದು ಬಣ್ಣದ ಕೊಕ್ಕರೆಯ ಹಾಡಿಗೆ ಕಾದರೆ ನಿರಾಶೆ ಖಚಿತ. ಬೆಳೆದ ಕೊಕ್ಕರೆಗಳು ಹೆಚ್ಚುಕಡಿಮೆ ಮೂಕ. ಸಿರಿಂಕ್ಸ್ ಆಡಿಸುವ ಸ್ನಾಯುಗಳು ಅವುಗಳಿಗೆ ಬೆಳೆದೇ ಇಲ್ಲ. ಅದರ ಬದಲು ಉದ್ದನೆಯ ಕೊಕ್ಕಿನ ಎರಡು ದಳಗಳನ್ನು ಟಕಟಕಟಕ ಎಂದು ಬಡಿಯುತ್ತವೆ. ಜೋಡಿಯನ್ನು ಗೂಡಿಗೆ ಸ್ವಾಗತಿಸುವುದೂ ಹೀಗೇ. ಗಂಟಲಿಲ್ಲದಿದ್ದರೂ ಅದುರು ಬಿಟ್ಟಿಲ್ಲ! ಅದೇ ಊರಿನಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳೂ ದೊಡ್ಡವಾದ ಮೇಲೆ ಹೆಚ್ಚು ಸದ್ದು ಮಾಡುವುದಿಲ್ಲ. ಗದ್ದಲವೆಲ್ಲ ಮರಿಗಳದ್ದು. ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಅವು ಬಂದರೆ ಮಳೆಬೆಳೆ ಚೆನ್ನಾಗಿರುತ್ತದೆ ಎಂದೂ ನಂಬುತ್ತಾರೆ. ಈ ನಂಬಿಕೆಯನ್ನು ಸುಳ್ಳು ಎಂದು ತೋರಿಸುವ ಆತುರ ನಮಗಿಲ್ಲ. ಮನೆ ಹಿತ್ತಲಿನ ಹುಣಸೆ ಮರಗಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟ ಊರು ಅದು, 2007ರಲ್ಲಿ ಸಮುದಾಯ ಮೀಸಲು ಪ್ರದೇಶವೂ ಆಯಿತು. ಗೂಡು, ಮರಿ ನೋಡಬೇಕಿದ್ದರೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ. ಕಾರನ್ನು ಊರ ಹೊರಗೇ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ.